ವಾರದ ಸಭೆಯ ನಡಾವಳಿ ಪುಸ್ತಕದಲ್ಲಿ ಸೇವೆ ಎಲ್ಲಿದೆ?

ಹೊಸ ಕಾರ್ಯದರ್ಶಿ

ಮಾನ್ಯರೇ,

ಜುಲೈ 1ರಿಂದ ನಮ್ಮ ಸೇವಾ ಕ್ಲಬ್ಬಿನ ಕಾರ್ಯದರ್ಶಿಯ ಹೊಣೆ ನನ್ನ ಪಾಲಿಗೆ ಬಂದಿದೆ. ಹಿಂದಿನವರು ಒಪ್ಪಿಸಿದ ನಡಾವಳಿ ಪುಸ್ತಕಗಳನ್ನು ಒಂದು ಬಿಡುವಿನ ದಿನ ಕುಳಿತು ಮೊದಲಿನಿಂದ ಓದಿದೆ. ಸ್ವಾಗತ, ಅತಿಥಿಯ ಪರಿಚಯ, ಹುಟ್ಟುಹಬ್ಬದ ಶುಭಾಶಯ, ಉಪನ್ಯಾಸದ ಸಾರಾಂಶ, ವಂದನಾರ್ಪಣೆ ಇವೆಲ್ಲ ವಾರವಾರವೂ ವಿವರವಾಗಿ ದಾಖಲಾಗಿವೆ. ಯಾವ ಕೆಲಸವನ್ನು ಯಾರು, ಯಾವ ದಿನದೊಳಗೆ ಮಾಡಬೇಕೆಂದು ತೀರ್ಮಾನವಾಯಿತು ಎಂಬುದನ್ನು ಮಾತ್ರ ಸಾಲುಗಳ ನಡುವೆ ಹುಡುಕಬೇಕಾಯಿತು. ಎಷ್ಟೋ ಕಡೆ ಹುಡುಕಿದರೂ ಸಿಗಲಿಲ್ಲ.

ಹಾಜರಾತಿ ಇಳಿಯುತ್ತಿದೆ ಎಂಬ ದೂರು ಪ್ರತಿ ವರ್ಷದ ವರದಿಯಲ್ಲೂ ಇದೆ. ಇನ್ನೊಂದು ಕಡೆ, ನಮ್ಮ ಮುಖ್ಯ ನಿಧಿಸಂಗ್ರಹವೆಂದರೆ ವರ್ಷಕ್ಕೊಮ್ಮೆ ನಡೆಸುವ ಸಂಗೀತ ಸಂಜೆ. ಅದಕ್ಕಾಗಿ ಎಲ್ಲರೂ ಮೂರು ತಿಂಗಳು ದುಡಿಯುತ್ತಾರೆ, ಆ ಮೂರು ತಿಂಗಳಲ್ಲಿ ಬೇರೆ ಯಾವ ಸೇವಾಕಾರ್ಯವೂ ನಡೆಯುವುದಿಲ್ಲ. ಸಭಾಂಗಣ, ಧ್ವನಿವರ್ಧಕ, ಕಲಾವಿದರ ಸಂಭಾವನೆ, ಮುದ್ರಣ ಎಲ್ಲವನ್ನೂ ಕಳೆದು ಉಳಿದದ್ದನ್ನು ನೋಡಿದಾಗ, ಟಿಕೆಟ್ ಹಿಡಿದು ಮನೆಮನೆ ಅಲೆಯುವ ಬದಲು ಸದಸ್ಯರೇ ಅಷ್ಟನ್ನು ಕೈಯಿಂದ ಹಾಕಿದ್ದರೆ ಎಲ್ಲರಿಗೂ ಸುಲಭವಾಗುತ್ತಿತ್ತಲ್ಲ ಎನಿಸಿತು. ಆಡಳಿತ ಮಂಡಳಿಯಲ್ಲಿ ಈ ಮಾತನ್ನು ಎತ್ತಿದೆ. ಯಾರೂ ಅಲ್ಲಗಳೆಯಲಿಲ್ಲ, ಯಾರೂ ಒಪ್ಪಲೂ ಇಲ್ಲ; ಮುಂದಿನ ವಿಷಯಕ್ಕೆ ಹೋದೆವು.

ವಾರದ ಸಭೆಯನ್ನು ಎರಡು ವಾರಕ್ಕೊಮ್ಮೆ ಮಾಡಿದರೆ ಕ್ಲಬ್ಬು ಸಡಿಲವಾಗುತ್ತದೆಯೇ? ಸಂಗೀತ ಸಂಜೆಯನ್ನು ಕೈಬಿಟ್ಟವರು ಯಾರಾದರೂ ಇದ್ದೀರಾ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಮಾಜಿ ಅಧ್ಯಕ್ಷ, ರೋಟರಿ

ಕಾರ್ಯದರ್ಶಿಯವರೇ, ತಮ್ಮ ಕಳಕಳಿ ಅರ್ಥವಾಗುತ್ತದೆ, ಆದರೆ ಸಭೆಯ ಸ್ನೇಹಭಾಗವನ್ನು ಕಾಲಹರಣವೆಂದು ತಳ್ಳಿಹಾಕುವ ಮೊದಲು ಈ ಸಂಸ್ಥೆಗಳು ಹುಟ್ಟಿದ ಬಗೆಯನ್ನು ನೆನೆಯಬೇಕು. 1905ರ ಫೆಬ್ರವರಿ 23ರಂದು ಶಿಕಾಗೋದಲ್ಲಿ ವಕೀಲ ಪಾಲ್ ಹ್ಯಾರಿಸ್ ಅವರು ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್ ಮತ್ತು ಒಬ್ಬ ದರ್ಜಿಯ ಜೊತೆ ಕುಳಿತಾಗ ಅವರ ಮುಂದೆ ಯಾವ ಸೇವಾ ಯೋಜನೆಯೂ ಇರಲಿಲ್ಲ. ದೊಡ್ಡ ನಗರದಲ್ಲಿ ಗೆಳೆಯರಿಲ್ಲದ ವೃತ್ತಿನಿರತರು ಪರಸ್ಪರ ಪರಿಚಯವಾಗಲಿ ಎಂಬುದಷ್ಟೇ ಉದ್ದೇಶ. ಒಬ್ಬೊಬ್ಬರ ಕಚೇರಿಯಲ್ಲಿ ಸರದಿಯ ಮೇಲೆ ಸೇರುತ್ತಿದ್ದುದರಿಂದಲೇ ರೋಟರಿ ಎಂಬ ಹೆಸರು ಬಂತು. ಸೇವೆ ಬಂದದ್ದು ಆಮೇಲೆ, 1907ರಲ್ಲಿ, ನಗರದಲ್ಲಿ ಸಾರ್ವಜನಿಕ ಶೌಚಾಲಯ ಬೇಕೆಂದು ಆ ಸದಸ್ಯರು ಪಟ್ಟುಹಿಡಿದಾಗ. ಮೊದಲ ಎರಡು ವರ್ಷ ಒಬ್ಬರನ್ನೊಬ್ಬರು ಅರಿಯದೆ ಇದ್ದಿದ್ದರೆ ಆ ಪಟ್ಟು ಹಿಡಿಯಲು ಆಗುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಎರಡು ವಾರಕ್ಕೊಮ್ಮೆ ಸೇರಲು ನಿಯಮದ ಅಡ್ಡಿಯೇನೂ ಇಲ್ಲ. ರೋಟರಿಯ ನಿಯಮಗಳನ್ನು ರೂಪಿಸುವ ಶಾಸನ ಪರಿಷತ್ತಿನ 2016ರ ಸಭೆಯ ನಂತರ ರೋಟರಿ ಕ್ಲಬ್ಬುಗಳು ತಿಂಗಳಿಗೆ ಕನಿಷ್ಠ ಎರಡು ಸಭೆ ನಡೆಸಿದರೆ ಸಾಕು, ಅದು ಅಂತರ್ಜಾಲದಲ್ಲೇ ನಡೆದರೂ ಆದೀತು. ನಾವು ವಾರದ ಸಭೆಯನ್ನೇ ಉಳಿಸಿಕೊಂಡಿದ್ದೇವೆ. ನಗು, ಕೀಟಲೆ ಇಲ್ಲದ ಸಭೆಗೆ ಎರಡನೆಯ ಸಲ ಯಾರೂ ಬರುವುದಿಲ್ಲ. ಲಯನ್ಸ್‌ನವರು ಇದಕ್ಕೆಂದೇ ಟೇಲ್ ಟ್ವಿಸ್ಟರ್ ಎಂಬ ಪದಾಧಿಕಾರಿಯನ್ನು ಇಟ್ಟುಕೊಂಡಿದ್ದಾರೆ. ಸಣ್ಣಪುಟ್ಟ ನೆಪಕ್ಕೆ ಸದಸ್ಯರಿಗೆ ದಂಡ ಹಾಕುವುದು ಅವರ ಕೆಲಸ, ಅವರಿಗೇ ದಂಡ ಹಾಕಬೇಕಾದರೆ ಹಾಜರಿರುವ ಎಲ್ಲರ ಒಮ್ಮತ ಬೇಕು. ಇಂಥ ತಮಾಷೆಗೂ ಒಂದು ಬೆಲೆಯಿದೆ.

ಖಜಾಂಚಿ, ಲಯನ್ಸ್

ಮಾಜಿ ಅಧ್ಯಕ್ಷರು ಸ್ನೇಹದ ಬಗ್ಗೆ ಹೇಳಿದ್ದು ಸರಿ. ನಾನು ಹಣದ ಬಗ್ಗೆ ಹೇಳುತ್ತೇನೆ, ಏಕೆಂದರೆ ಕಾರ್ಯದರ್ಶಿಯವರ ಪ್ರಶ್ನೆಯ ತಿರುಳು ಅಲ್ಲಿಯೇ ಇದೆ ಎಂದು ನನಗೆ ತೋರುತ್ತದೆ.

ನಮ್ಮಲ್ಲಿ ಎರಡು ಖಾತೆಗಳಿವೆ. ಸದಸ್ಯರ ಚಂದಾ ಆಡಳಿತ ಖಾತೆಗೆ ಹೋಗುತ್ತದೆ; ಸಭೆಯ ಊಟ, ಪದಗ್ರಹಣ ಸಮಾರಂಭ, ಅಂಚೆ, ಮುದ್ರಣ, ಜಿಲ್ಲಾ ಸಮ್ಮೇಳನದ ಪ್ರಯಾಣ ಎಲ್ಲವನ್ನೂ ಅದರಿಂದಲೇ ಭರಿಸಬೇಕು. ಸಾರ್ವಜನಿಕರಿಂದ ಎತ್ತಿದ ಹಣ ಚಟುವಟಿಕೆ ಖಾತೆಗೆ ಹೋಗುತ್ತದೆ ಮತ್ತು ಅದು ಸಾರ್ವಜನಿಕರ ಉಪಯೋಗಕ್ಕೇ ಮರಳಬೇಕು. ಆ ನಿಧಿಸಂಗ್ರಹ ಕಾರ್ಯಕ್ರಮಕ್ಕೆ ನೇರವಾಗಿ ತಗುಲಿದ ವೆಚ್ಚವನ್ನು ಮಾತ್ರ ಅದರಿಂದ ಕಳೆಯಬಹುದು. ಲಯನ್ಸ್‌ನಲ್ಲಿ ಇದು ಲಿಖಿತ ನೀತಿ. ಯಾವ ಸೇವಾ ಸಂಸ್ಥೆಯೇ ಆಗಲಿ, ಬರೆದುಕೊಂಡಿರಲಿ ಬಿಡಲಿ, ಪಾಲಿಸಬೇಕಾದ ಕ್ರಮವೂ ಇದೇ. ಟಿಕೆಟ್ ಕೊಂಡವರು ಕಣ್ಣಿನ ಚಿಕಿತ್ಸೆಗೆಂದು ಕೊಟ್ಟ ಹಣದಲ್ಲಿ ಹೊಸ ಅಧ್ಯಕ್ಷರ ಪದಗ್ರಹಣದ ವೇದಿಕೆ ಅಲಂಕಾರವಾದರೆ, ಮೊತ್ತ ಎಷ್ಟೇ ಸಣ್ಣದಿರಲಿ, ಅದು ನಂಬಿಕೆದ್ರೋಹ. ಇದು ದುರುದ್ದೇಶದಿಂದ ನಡೆಯುವುದು ವಿರಳ. ಆಡಳಿತ ಖಾತೆ ಖಾಲಿಯಾಗಿರುತ್ತದೆ, ಚಂದಾ ಬಾಕಿಯಿರುತ್ತದೆ, ‘ಸದ್ಯಕ್ಕೆ ಆ ಕಡೆಯಿಂದ ತೆಗೆದು ಆಮೇಲೆ ತುಂಬೋಣ’ ಎಂದು ಯಾರೋ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ತುಂಬುವಷ್ಟರಲ್ಲಿ ಜೂನ್ ಮುಗಿದು ಕ್ಲಬ್ಬಿನ ವರ್ಷ ಬದಲಾಗಿರುತ್ತದೆ, ಖಜಾಂಚಿ ಬದಲಾಗಿರುತ್ತಾರೆ.

ಇನ್ನು ಸಂಗೀತ ಸಂಜೆಯ ಲೆಕ್ಕ. ವರದಿಯಲ್ಲಿ ಸಾಮಾನ್ಯವಾಗಿ ಒಟ್ಟು ಸಂಗ್ರಹವನ್ನು ದಪ್ಪ ಅಕ್ಷರದಲ್ಲಿ ಬರೆಯುತ್ತಾರೆ. ಬರೆಯಬೇಕಾದದ್ದು ಮೂರು ಅಂಕಿಗಳು: ಬಂದದ್ದು, ಖರ್ಚಾದದ್ದು, ಸೇವೆಗೆ ಉಳಿದದ್ದು. ಉದಾಹರಣೆಗೆ 100 ಬಂದು 70 ಖರ್ಚಾಗಿದ್ದರೆ, ದಾನಿಯು ಕೊಟ್ಟ ಪ್ರತಿ ನೂರರಲ್ಲಿ ಮೂವತ್ತು ಮಾತ್ರ ರೋಗಿಯವರೆಗೆ ತಲುಪಿತು ಎಂದರ್ಥ. ಅದರ ಪಕ್ಕದಲ್ಲಿ ಸದಸ್ಯರು ವ್ಯಯಿಸಿದ ಗಂಟೆಗಳನ್ನೂ ಬರೆದು ನೋಡಿ. ನಮ್ಮ ಕ್ಲಬ್ಬಿನಲ್ಲಿ ಹಾಗೆ ಬರೆದ ವರ್ಷವೇ ನಿಧಿಸಂಗ್ರಹಕ್ಕೆಂದು ನಡೆಸುತ್ತಿದ್ದ ಭೋಜನಕೂಟವನ್ನು ಕೈಬಿಟ್ಟೆವು. ನಾನು ವಾದ ಮಾಡಬೇಕಾಗಿಯೇ ಬರಲಿಲ್ಲ.

ಅದರ ಬದಲಿಗೆ ನಾವು ಮಾಡಿದ್ದು ಬಹಳ ಸರಳ. ಒಂದು ನಿರ್ದಿಷ್ಟ ಕೆಲಸ, ಅದರ ವೆಚ್ಚದ ಅಂದಾಜು, ಕೆಲಸ ಮುಗಿದ ಮೇಲೆ ಲೆಕ್ಕ ಕಳಿಸುವ ಭರವಸೆ, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ನೇರವಾಗಿ ಕೇಳಿದೆವು. ಕೊಟ್ಟವರಿಗೆಲ್ಲ ರಸೀದಿ, ಮೂರು ತಿಂಗಳಲ್ಲಿ ಜಮಾಖರ್ಚಿನ ಪ್ರತಿ. ಎರಡನೆಯ ವರ್ಷ ಅವರಲ್ಲಿ ಹೆಚ್ಚಿನವರು ಕೇಳುವ ಮೊದಲೇ ಕೊಟ್ಟರು. ಸಣ್ಣ ಮೊತ್ತವೆಂದು ಸಂಕೋಚಪಡಬೇಕಾಗಿಲ್ಲ. ಶಾಶ್ವತ ನಿಧಿಯೊಂದು ಬೇಕೆಂದು ಆಗಿನ ಅಧ್ಯಕ್ಷ ಆರ್ಚ್ ಕ್ಲಂಫ್ ಅವರು 1917ರಲ್ಲಿ ರೋಟರಿಯ ಮುಂದಿಟ್ಟ ಸಲಹೆಗೆ ಬಂದ ಮೊದಲ ದೇಣಿಗೆ 26 ಡಾಲರ್ 50 ಸೆಂಟ್. 1928ರಲ್ಲಿ ಅದೇ ನಿಧಿ ರೋಟರಿ ಫೌಂಡೇಶನ್ ಆಯಿತು.

ಕಾರ್ಯಕ್ರಮ ಸಮಿತಿಯ ಸಂಚಾಲಕ

ಖಜಾಂಚಿಯವರ ಅಂಕಿಗಳಲ್ಲಿ ಒಂದು ಸೇರಿಲ್ಲ. ನಮ್ಮ ಕ್ಲಬ್ಬಿಗೆ ಇತ್ತೀಚೆಗೆ ಸೇರಿದವರಲ್ಲಿ ಹಲವರು ಮೊದಲು ನಮ್ಮನ್ನು ಕಂಡದ್ದು ಇಂಥದೇ ಒಂದು ಸಂಜೆಯಲ್ಲಿ. ಕೈಯಲ್ಲಿ ಹಾಳೆ ಹಿಡಿದು ಹಣ ಕೇಳಲು ಹೋದಾಗ ದಾನಿ ಸಿಗುತ್ತಾರೆ, ಸದಸ್ಯರು ಸಿಗುವುದಿಲ್ಲ. ಕಾರ್ಯಕ್ರಮವನ್ನು ಕೇವಲ ಹಣದ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಖಜಾಂಚಿ, ಲಯನ್ಸ್

ಒಪ್ಪುತ್ತೇನೆ, ಒಂದು ಷರತ್ತಿನೊಂದಿಗೆ. ಸದಸ್ಯರನ್ನು ಸೆಳೆಯುವ ಕಾರ್ಯಕ್ರಮವಾದರೆ ಅದನ್ನು ಹಾಗೆಂದೇ ಕರೆದು ಆಡಳಿತ ಖಾತೆಯಿಂದ ನಡೆಸಿ. ಟಿಕೆಟ್ಟಿನ ಮೇಲೆ ‘ಸಹಾಯಾರ್ಥ’ ಎಂದು ಅಚ್ಚು ಹಾಕಿದ ಮೇಲೆ ತಕ್ಕಡಿ ಹಣದ್ದೇ ಆಗುತ್ತದೆ.

ಮೂರು ವರ್ಷದ ಸದಸ್ಯೆ

‘ಯುವಜನರು, ಮಹಿಳೆಯರು ಬರುತ್ತಿಲ್ಲ’ ಎಂಬ ಮಾತನ್ನು ಪ್ರತಿ ಸಭೆಯಲ್ಲೂ ಕೇಳುತ್ತೇನೆ. ಬರುವುದಕ್ಕೆ ಬಾಗಿಲು ತೆರೆದದ್ದೇ ತಡವಾಗಿ ಎಂಬುದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ಕ್ಯಾಲಿಫೋರ್ನಿಯದ ಡುವಾರ್ಟೆ ಕ್ಲಬ್ಬು ಮಹಿಳೆಯರನ್ನು ಸೇರಿಸಿಕೊಂಡಿತೆಂದು ರೋಟರಿ ಅದರ ಮಾನ್ಯತೆಯನ್ನೇ ಕಿತ್ತುಕೊಂಡಿತ್ತು. ಅಮೆರಿಕದ ಸುಪ್ರೀಂ ಕೋರ್ಟು 1987ರಲ್ಲಿ ಕ್ಲಬ್ಬಿನ ಪರವಾಗಿ ತೀರ್ಪು ಕೊಟ್ಟ ಮೇಲೆ, 1989ರಲ್ಲಿ ಜಗತ್ತಿನಾದ್ಯಂತ ನಿಯಮ ಬದಲಾಯಿತು. ಲಯನ್ಸ್ ಕೂಡ ಮಹಿಳೆಯರಿಗೆ ಸದಸ್ಯತ್ವ ತೆರೆದದ್ದು 1987ರಲ್ಲಿಯೇ.

ನಿಯಮ ಬದಲಾದರೂ ಸಭೆಯ ಸಮಯ ಬದಲಾಗಲಿಲ್ಲ. ಮಕ್ಕಳನ್ನು ಶಾಲೆಯಿಂದ ಕರೆತಂದು, ಪಾಠ ನೋಡಿ, ಅಡುಗೆಗೆ ಇಡುವ ಹೊತ್ತಿಗೆ ಸರಿಯಾಗಿ ನಮ್ಮ ಸಭೆ ಆರಂಭವಾಗುತ್ತದೆ. ನಾನು ಒಂದು ವರ್ಷ ಐದು ಶಿಬಿರಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ನೋಂದಣಿ ಮೇಜಿನಲ್ಲಿ ಕುಳಿತಿದ್ದೆ. ವರ್ಷದ ಕೊನೆಗೆ ನನ್ನ ಹಾಜರಾತಿ ಕಡಿಮೆಯಿದೆಯೆಂದು ಪತ್ರ ಬಂತು. ಶಿಬಿರದಲ್ಲಿ ದುಡಿದ ದಿನವನ್ನು ಹಾಜರಾತಿಯೆಂದು ಎಣಿಸಲು ಬೇಕಾದದ್ದು ಒಂದು ನಿರ್ಣಯ ಮಾತ್ರ, ಮತ್ತು ಅದನ್ನು ಮಂಡಿಸಲು ನಾನು ಸಭೆಗೇ ಬರಬೇಕಾಯಿತು ಎಂಬುದು ಬೇರೆ ಮಾತು.

ರಕ್ತನಿಧಿಯ ತಾಂತ್ರಿಕ ಸಿಬ್ಬಂದಿ

ನಾನು ಯಾವ ಕ್ಲಬ್ಬಿನ ಸದಸ್ಯಳೂ ಅಲ್ಲ. ನಿಮ್ಮಂಥ ಕ್ಲಬ್ಬುಗಳು ಏರ್ಪಡಿಸುವ ಶಿಬಿರಗಳಿಗೆ ಸೂಜಿ, ಚೀಲ ಹಿಡಿದು ಬರುವವಳು. ಸಭೆ ಮತ್ತು ಹಣದ ಚರ್ಚೆಯ ನಡುವೆ ಕೆಲಸದ ಸ್ವರೂಪದ ಬಗ್ಗೆ ಒಂದು ಮಾತು ಹೇಳಲು ಅನುಮತಿ ಬೇಕು.

ಜೂನ್ 14 ವಿಶ್ವ ರಕ್ತದಾನಿಗಳ ದಿನ. ರಕ್ತದ ಗುಂಪುಗಳನ್ನು ಗುರುತಿಸಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಹುಟ್ಟಿದ ದಿನ. ಆ ವಾರ ಎಲ್ಲ ಕ್ಲಬ್ಬುಗಳಿಂದಲೂ ಕರೆ ಬರುತ್ತದೆ, ಎಲ್ಲರಿಗೂ ಹಿಂದಿನ ವರ್ಷಕ್ಕಿಂತ ಹೆಚ್ಚು ಯೂನಿಟ್ ಬೇಕು. ಆದರೆ ಕೆಂಪು ರಕ್ತಕಣಗಳನ್ನು, ಕೆಡದಂತೆ ಸೇರಿಸುವ ದ್ರಾವಣಕ್ಕೆ ತಕ್ಕಂತೆ, 35ರಿಂದ 42 ದಿನ ಮಾತ್ರ ಶೈತ್ಯದಲ್ಲಿ ಇಡಬಹುದು. ಕಿರುತಟ್ಟೆಗಳಿಗಂತೂ, ಎಂದರೆ ಪ್ಲೇಟ್‌ಲೆಟ್‌ಗಳಿಗೆ, ಸಾಮಾನ್ಯವಾಗಿ 5 ದಿನವೇ ಆಯುಸ್ಸು. ಅವನ್ನು ತಣ್ಣಗೆ ಇಡುವಂತೆಯೂ ಇಲ್ಲ, ಕೋಣೆಯ ಉಷ್ಣತೆಯಲ್ಲಿ ಸದಾ ಅಲುಗಾಡಿಸುತ್ತಲೇ ಇರಬೇಕು. ಒಂದೇ ವಾರದಲ್ಲಿ ಎಲ್ಲರೂ ಕೊಟ್ಟರೆ ಒಂದು ಪಾಲು ಬಳಕೆಯಾಗುವ ಮೊದಲೇ ಅವಧಿ ಮೀರುವ ಅಪಾಯವಿದೆ. ಅಷ್ಟೇ ಅಲ್ಲ, ಆ ದಿನ ಕೊಟ್ಟವರು ಮತ್ತೆ ಕೊಡಲು ವಾರಗಟ್ಟಲೆ ಕಾಯಬೇಕು, ಆದ್ದರಿಂದ ಮುಂದಿನ ತಿಂಗಳು ಕೊರತೆಯಾದಾಗ ಕರೆಯಲು ಯಾರೂ ಉಳಿದಿರುವುದಿಲ್ಲ.

ನನ್ನ ಅನುಭವದಲ್ಲಿ ಅತ್ಯಂತ ಉಪಯುಕ್ತವಾಗಿದ್ದ ಕ್ಲಬ್ಬು ದೊಡ್ಡ ಶಿಬಿರವನ್ನೇ ನಡೆಸುತ್ತಿರಲಿಲ್ಲ. ಅವರ ಬಳಿ ದಾನಿಗಳ ಒಂದು ಪಟ್ಟಿಯಿತ್ತು, ರಕ್ತದ ಗುಂಪು ಮತ್ತು ಕಳೆದ ಬಾರಿ ಕೊಟ್ಟ ದಿನಾಂಕ ಸಹಿತ. ಅದನ್ನು ನಾಲ್ಕು ಪಾಲು ಮಾಡಿ, ಪಾಳಿಯ ಪ್ರಕಾರ ಕರೆ ಮಾಡುತ್ತಿದ್ದರು. ಪಟ್ಟಿಯನ್ನು ನೋಡಿಕೊಳ್ಳುತ್ತಿದ್ದವರು ಇಬ್ಬರು ಹಿರಿಯ ಸದಸ್ಯರು, ಒಂದು ದೂರವಾಣಿ. ಛಾಯಾಚಿತ್ರಕ್ಕೆ ಅದರಲ್ಲಿ ಏನೂ ಸಿಗುವುದಿಲ್ಲ ನಿಜ. ಪಟ್ಟಿ ನಿಮ್ಮಲ್ಲಿದ್ದರೆ ಅದು ಜನರ ಆರೋಗ್ಯದ ಮಾಹಿತಿ ಎಂಬುದನ್ನು ಮರೆಯದೆ, ಮೊಬೈಲ್ ಸಂದೇಶದ ಗುಂಪುಗಳಲ್ಲಿ ಹಂಚದೆ, ದಾನಿಯ ಒಪ್ಪಿಗೆ ಪಡೆದು ಇಟ್ಟುಕೊಳ್ಳಬೇಕು.

ನಿವೃತ್ತ ಮುಖ್ಯೋಪಾಧ್ಯಾಯಿನಿ

ರಕ್ತನಿಧಿಯವರು ಬರೆದದ್ದನ್ನು ಓದಿ ನನಗೂ ಬರೆಯುವ ಧೈರ್ಯ ಬಂತು. ನಾನು ಕೊಡುವವರ ಪೈಕಿಯಲ್ಲ, ಪಡೆದವರ ಪೈಕಿ.

ನಾನು ಕೆಲಸ ಮಾಡಿದ ಶಾಲೆಗೆ ಬೇರೆಬೇರೆ ವರ್ಷಗಳಲ್ಲಿ ಬೇರೆಬೇರೆ ಸಂಸ್ಥೆಗಳಿಂದ ಮೂರು ನೀರು ಶುದ್ಧೀಕರಣ ಯಂತ್ರಗಳು ಬಂದವು. ಮೂರಕ್ಕೂ ಉದ್ಘಾಟನೆಯಾಯಿತು, ಮೂರರ ಮೇಲೂ ಫಲಕ ಇತ್ತು. ಮೊದಲನೆಯದರ ಶೋಧಕ ಕಟ್ಟಿಕೊಂಡಾಗ ಹೊಸದನ್ನು ಹಾಕಿಸಲು ಶಾಲೆಯ ಬಳಿ ಹಣವಿರಲಿಲ್ಲ. ಕೊಟ್ಟವರನ್ನು ಕೇಳಿದೆ, ಹಿಂದಿನ ಅಧ್ಯಕ್ಷರ ಯೋಜನೆ ಅದು, ಈ ವರ್ಷದ ಮುಂಗಡಪತ್ರದಲ್ಲಿ ಅದಕ್ಕೆ ಅವಕಾಶವಿಲ್ಲ, ಬೇಕಾದರೆ ಹೊಸ ಯಂತ್ರ ಕೊಡಬಹುದು ಎಂದು ವಿನಯದಿಂದಲೇ ಉತ್ತರಿಸಿದರು. ಮೂರನೆಯದು ಬರುವಾಗ ಮೊದಲಿನ ಎರಡನ್ನು ಬಟ್ಟೆ ಹೊದೆಸಿ ದಾಸ್ತಾನು ಕೋಣೆಯಲ್ಲಿ ಇಟ್ಟಿದ್ದೆವು. ಆ ಅವಧಿಯಲ್ಲಿ ನಮಗೆ ನಿಜವಾಗಿ ಬೇಕಾಗಿದ್ದದ್ದು ಹೆಣ್ಣುಮಕ್ಕಳ ಶೌಚಾಲಯದ ಬಾಗಿಲುಗಳಿಗೆ ಒಳಗಿನಿಂದ ಹಾಕುವ ಚಿಲಕ. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ. ನಾನಾಗಿಯೇ ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಹೂಗುಚ್ಛ ಹಿಡಿದು ಬಂದವರ ಮುಂದೆ ಚಿಲಕದ ಮಾತು ಬಾಯಿಂದ ಹೊರಡುವುದಿಲ್ಲ.

ಇನ್ನೊಂದು ಸಂಗತಿ. ಚೀಲ, ಪುಸ್ತಕ, ಸ್ವೆಟರ್ ಪಡೆಯುವ ಮಗುವನ್ನು ಸಾಲಿನಲ್ಲಿ ನಿಲ್ಲಿಸಿ, ಕೊಡುವವರ ಕಡೆ ಅಲ್ಲದೆ ಕ್ಯಾಮೆರಾದ ಕಡೆ ನೋಡು ಎಂದು ಹೇಳುವುದನ್ನು ದಯವಿಟ್ಟು ನಿಲ್ಲಿಸಬೇಕು. ಹನ್ನೆರಡು ವರ್ಷದ ಮಗುವಿಗೆ ತನ್ನ ಬಡತನದ ಚಿತ್ರ ಎಲ್ಲೆಲ್ಲಿ ಹರಿದಾಡುತ್ತದೆಂದು ಚೆನ್ನಾಗಿ ಗೊತ್ತು.

ಮಾಜಿ ಅಧ್ಯಕ್ಷ, ರೋಟರಿ

ಅಮ್ಮನವರೇ, ತಮ್ಮ ಮಾತು ನನ್ನನ್ನೇ ಉದ್ದೇಶಿಸಿ ಬರೆದಂತಿದೆ. ನನ್ನ ಅವಧಿಯಲ್ಲಿ ನಾವೂ ಸಸಿ ನೆಟ್ಟಿದ್ದೆವು. ನೆಟ್ಟ ಸಸಿಗಳ ಸಂಖ್ಯೆ ಜಿಲ್ಲಾ ಗವರ್ನರ್ ಅವರಿಗೆ, ಎಂದರೆ ರೋಟರಿ ಜಿಲ್ಲೆಯ ಮುಖ್ಯಸ್ಥರಿಗೆ, ಹೋದ ವರದಿಯಲ್ಲಿದೆ. ಎರಡನೆಯ ಬೇಸಿಗೆಗೆ ಎಷ್ಟು ಉಳಿದಿದ್ದವು ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ, ಏಕೆಂದರೆ ನಾನು ಹೋಗಿ ನೋಡಲಿಲ್ಲ.

ಈ ರೋಗದ ಮೂಲ ಜುಲೈ 1ರಲ್ಲಿದೆ. ಪ್ರತಿ ವರ್ಷ ಹೊಸ ಅಧ್ಯಕ್ಷರು, ಹೊಸ ಘೋಷವಾಕ್ಯ, ಹೊಸ ಯೋಜನೆ. ನಾವು ಎಲ್ಲ ವೇದಿಕೆಗಳಲ್ಲೂ ಹೆಮ್ಮೆಯಿಂದ ಹೇಳಿಕೊಳ್ಳುವ ಪೋಲಿಯೊ ಕಾರ್ಯ ಮಾತ್ರ ಹಾಗೆ ನಡೆಯಲಿಲ್ಲ. 1985ರಲ್ಲಿ ರೋಟರಿಯ ಪೋಲಿಯೊ ಲಸಿಕೆ ಅಭಿಯಾನವಾದ ಪೋಲಿಯೊ ಪ್ಲಸ್ ಆರಂಭವಾದಾಗ ನಿಧಿಯ ಗುರಿ 12 ಕೋಟಿ ಡಾಲರ್. 1988ರ ಹೊತ್ತಿಗೆ ಕೂಡಿದ್ದು 24 ಕೋಟಿ 70 ಲಕ್ಷ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮುಂತಾದವರ ಜೊತೆ ಜಾಗತಿಕ ನಿರ್ಮೂಲನ ಕಾರ್ಯಕ್ರಮ ಶುರುವಾದಾಗ 125 ದೇಶಗಳಲ್ಲಿ ವರ್ಷಕ್ಕೆ ಸುಮಾರು 3,50,000 ಮಕ್ಕಳಿಗೆ ಪಾರ್ಶ್ವವಾಯು ತಗುಲುತ್ತಿತ್ತು. ಅಧ್ಯಕ್ಷರು ಬದಲಾದರು, ಗುರಿ ಬದಲಾಗಲಿಲ್ಲ. ಲಯನ್ಸ್‌ನವರದೂ ಇದೇ ಕಥೆ: 1925ರಲ್ಲಿ ಹೆಲೆನ್ ಕೆಲರ್ ಅವರು ಅಂಧರ ಪರವಾಗಿ ನಿಲ್ಲಿರೆಂದು ಕೇಳಿಕೊಂಡದ್ದನ್ನು ಅವರು ಇಂದಿಗೂ ಬಿಟ್ಟಿಲ್ಲ.

ಅಂತರರಾಷ್ಟ್ರೀಯ ಮಟ್ಟದಲ್ಲಿ ಗೊತ್ತಿರುವ ಪಾಠವನ್ನು ನಮ್ಮ ಸಣ್ಣ ಕ್ಲಬ್ಬಿನಲ್ಲಿ ಕಲಿಯಲು ಮೂರು ಅಧ್ಯಕ್ಷರು ಒಟ್ಟಿಗೆ ಕುಳಿತರೆ ಸಾಕು: ನಿಕಟಪೂರ್ವ, ಹಾಲಿ ಮತ್ತು ನಿಯೋಜಿತ. ಮೂವರೂ ಸಹಿ ಹಾಕದ ಯಾವ ಯೋಜನೆಗೂ ಚಟುವಟಿಕೆ ಖಾತೆಯಿಂದ ಹಣ ಬಿಡುಗಡೆ ಮಾಡಬಾರದು ಎಂದು ನಾನು ಸೂಚಿಸುತ್ತೇನೆ. ಪ್ರತಿ ಯೋಜನೆಯ ಹಣದಲ್ಲಿ ನಿರ್ವಹಣೆಯ ಪಾಲನ್ನು ಮೊದಲೇ ತೆಗೆದಿಡಬೇಕು ಎಂಬುದನ್ನೂ ಸೇರಿಸುತ್ತೇನೆ. ಇದು ಮುಖ್ಯೋಪಾಧ್ಯಾಯಿನಿಯವರ ಋಣ.

ಮೂರು ವರ್ಷದ ಸದಸ್ಯೆ

ಮೂರು ಸಹಿಯ ನಿಯಮ ಚೆನ್ನಾಗಿದೆ. ತುರ್ತು ಪರಿಹಾರಕ್ಕೆ ವಿನಾಯಿತಿ ಇರಲಿ. ನೆರೆ ಬಂದಾಗ ನಿಕಟಪೂರ್ವ ಅಧ್ಯಕ್ಷರು ಪ್ರವಾಸದಲ್ಲಿದ್ದರೆ ಕಂಬಳಿ ಕಾಯುವುದಿಲ್ಲ.

ನಡಾವಳಿ ಬರೆದು ಅಭ್ಯಾಸವಿರುವವರು

ಕಾರ್ಯದರ್ಶಿಯವರ ಮೊದಲ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. 1876ರಲ್ಲಿ ಹೆನ್ರಿ ಮಾರ್ಟಿನ್ ರಾಬರ್ಟ್ ಎಂಬ ಸೇನಾ ಎಂಜಿನಿಯರ್ ಪ್ರಕಟಿಸಿದ ಸಭಾನಿಯಮಗಳ ಕೈಪಿಡಿಯನ್ನು ಅನೇಕ ಸಂಘಗಳು ಇಂದಿಗೂ ಅನುಸರಿಸುತ್ತವೆ. ಆ ಸಂಪ್ರದಾಯದಲ್ಲಿ ನಡಾವಳಿಯೆಂದರೆ ಸಭೆಯಲ್ಲಿ ಏನಾಯಿತು ಎಂಬುದರ ದಾಖಲೆ, ಏನು ಮಾತಾಡಿದರು ಎಂಬುದರ ದಾಖಲೆಯಲ್ಲ. ಮಂಡಿಸಿದ ನಿರ್ಣಯ, ಅದರ ಗತಿ, ಹೊಣೆ ಹೊತ್ತವರು, ಗಡುವು. ಉಪನ್ಯಾಸದ ಸಾರಾಂಶಕ್ಕೆ ಕ್ಲಬ್ಬಿನ ವಾರ್ತಾಪತ್ರವಿದೆ.

ಪ್ರತಿ ಸಭೆಯ ಆರಂಭದಲ್ಲಿ ಹಿಂದಿನ ನಡಾವಳಿಯನ್ನು ಓದಿ ಅಂಗೀಕರಿಸುವ ಪದ್ಧತಿ ಎಲ್ಲ ಕಡೆ ಇದೆ, ಆದರೆ ಅದನ್ನು ‘ಓದಿದಂತೆ ಭಾವಿಸಲಾಯಿತು’ ಎಂದು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ಪೂರ್ತಿ ಓದಬೇಕಾಗಿಲ್ಲ, ಗಡುವು ಮೀರಿದ ಕೆಲಸಗಳನ್ನಷ್ಟೇ ಹೆಸರು ಸಹಿತ ಓದಿ. ನಾನು ಹಾಗೆ ಓದಲು ತೊಡಗಿದ ಮೊದಲ ಎರಡು ವಾರ ಸಭೆಯಲ್ಲಿ ಸ್ವಲ್ಪ ಮುಜುಗರವಾಯಿತು, ಒಬ್ಬ ಹಿರಿಯರು ಮುನಿಸಿಕೊಂಡರು. ಮೂರನೆಯ ವಾರ ಆ ಪಟ್ಟಿ ಅರ್ಧಕ್ಕೆ ಇಳಿಯಿತು.

ಹೊಸ ಕಾರ್ಯದರ್ಶಿ

ಎಲ್ಲರಿಗೂ ಕೃತಜ್ಞತೆಗಳು. ಇಲ್ಲಿ ಬಂದ ಸಲಹೆಗಳನ್ನು ಆಡಳಿತ ಮಂಡಳಿಯ ಮುಂದಿಟ್ಟೆ. ತಿಂಗಳ ಮೊದಲ ಮತ್ತು ಮೂರನೆಯ ವಾರ ಸಭೆ. ಉಳಿದ ವಾರಗಳಲ್ಲಿ ಕ್ಷೇತ್ರಕಾರ್ಯ, ಅದಕ್ಕೂ ಹಾಜರಾತಿ ಉಂಟು. ಎರಡು ಖಾತೆಗಳು ನಮ್ಮಲ್ಲಿಯೂ ಕಾಗದದ ಮೇಲೆ ಇದ್ದವು; ನಿಜವಾಗಿಯೂ ಬೇರೆಯಾಗಿ ನಡೆಯುತ್ತವೆಯೇ ಎಂದು ನೋಡಲು ಆಡಳಿತ ಮಂಡಳಿಯ ಹೊರಗಿನ ಒಬ್ಬ ಸದಸ್ಯರನ್ನು ನೇಮಿಸಿದ್ದೇವೆ. ಮೂರು ಸಹಿಯ ನಿಯಮ ತುರ್ತು ವಿನಾಯಿತಿಯೊಂದಿಗೆ ಅಂಗೀಕಾರವಾಯಿತು. ಸಂಗೀತ ಸಂಜೆಯ ವಿಷಯದಲ್ಲಿ ಮತ ಸಮವಾಗಿ ಒಡೆದದ್ದರಿಂದ ಈ ವರ್ಷ ಅದು ನಡೆಯುತ್ತದೆ, ಮೂರು ಅಂಕಿಗಳ ಲೆಕ್ಕ ಪ್ರಕಟಿಸಬೇಕೆಂಬ ಷರತ್ತಿನೊಂದಿಗೆ.

ಮುಖ್ಯೋಪಾಧ್ಯಾಯಿನಿಯವರ ಪತ್ರವನ್ನು ಸಭೆಯಲ್ಲಿ ಪೂರ್ತಿಯಾಗಿ ಓದಿದೆ. ಆಮೇಲೆ ನಾವು ಪ್ರತಿ ವರ್ಷ ಏನಾದರೂ ಕೊಡುತ್ತ ಬಂದಿರುವ ಶಾಲೆಗೆ ಇಬ್ಬರು ಬರಿಗೈಯಲ್ಲಿ ಹೋಗಿ, ತಮಗೆ ಏನು ಬೇಕು ಎಂದು ಮೊದಲ ಬಾರಿಗೆ ಕೇಳಿದೆವು. ಅವರು ಹಣವನ್ನಾಗಲಿ ವಸ್ತುವನ್ನಾಗಲಿ ಕೇಳಲಿಲ್ಲ. ಗ್ರಂಥಾಲಯದ ಕೋಣೆಯಿದೆ, ಪುಸ್ತಕಗಳಿವೆ, ತೆರೆದಿಡಲು ಜನವಿಲ್ಲದೆ ಬೀಗ ಹಾಕಿದೆ. ವಾರದಲ್ಲಿ ಎರಡು ಮಧ್ಯಾಹ್ನ ಯಾರಾದರೂ ಬಂದು ಕುಳಿತರೆ ಸಾಕು ಎಂದರು.

ಇದನ್ನು ಸಭೆಯಲ್ಲಿ ಹೇಳಿದಾಗ, ದೇಣಿಗೆ ಕೇಳಿದಾಗ ಏಳುವಷ್ಟು ಕೈಗಳು ಏಳಲಿಲ್ಲ. ಮಂಗಳವಾರಕ್ಕೆ ಒಬ್ಬ ನಿವೃತ್ತ ಸದಸ್ಯರು ಒಪ್ಪಿಕೊಂಡಿದ್ದಾರೆ. ಗುರುವಾರ ಇನ್ನೂ ಖಾಲಿಯಿದೆ.